ಬಣ್ಣದ ಬಾಟ್ಲಿ ಕಾಪಾಡೋಣ

ಶಿಕಾರಿಪುರ, ಸೊರಬದ ಕಡೆ ದೀವರ ಮನೆಗಳಲ್ಲಿ ಚಿತ್ತಾರ ಬರೆಯುತ್ತಾರೆ. ಮದುವೆ ಬಂದರೆ ಗೋಡೆಗೆ ಹಸೆ ಚಿತ್ತಾರ. ಭೂಮಿ ಹುಣ್ಣಿಮೆ ಬಂದರೆ ಭೂಮಣ್ಣಿ ಬುಟ್ಟಿಗೆ ಚಿತ್ತಾರ. ಬರೆಯುವ ಕೈ ಹೆಂಗಸರದು.

ಇದರ ಬಣ್ಣ ಎಲ್ಲಿಂದ ಬರುತ್ತೆ? ಕೆಂಪಿಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ಅರೆದ ಅಕ್ಕಿ. ಕಪ್ಪಿಗೆ ಕರಿಯಾಗುವ ತನಕ ಹುರಿದ ಅಕ್ಕಿ. ಹಳದಿಗೆ ಗುರಿಗೆ ಕಾಯಿ. ಬರೆಯಲು ಪುಂಡಿ ನಾರು.

ಈಗ ಬಟ್ಟೆ, ಕಾಗದದ ಮೇಲೂ ಚಿತ್ತಾರ ಬರೆದು ಮಾರುತ್ತಾರೆ. ಅದಕ್ಕೆ ಕೆಲವರು ಅಂಗಡಿಯಿಂದ ಅಕ್ರಿಲಿಕ್ ಬಣ್ಣ ತರುತ್ತಾರೆ. ನೀರಿನಲ್ಲಿ ಕಲಸುವ ಈ ಬಣ್ಣ 1950ರ ದಶಕದಲ್ಲಿ ಅಮೆರಿಕದಲ್ಲಿ ಚಿತ್ರ ಬರೆಯುವವರ ಕೈಗೆ ಬಂತು. ಇದಕ್ಕೆ ದುಡ್ಡು ಕೊಡಬೇಕು. ಆದ್ದರಿಂದ ಕೆಡದ ಹಾಗೆ ಇಡುವುದನ್ನು ನಾವು ಕಲಿಯೋಣ.

ಎರಡು ಬಣ್ಣಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಕೆಮ್ಮಣ್ಣು ಒಣಗಿದರೆ ಚಿಂತೆ ಇಲ್ಲ. ನೀರು ಹಾಕಿ ಕಲಸಿದರೆ ಮತ್ತೆ ಬಣ್ಣ. ಅಕ್ರಿಲಿಕ್ ಹಾಗಲ್ಲ. ಅದರಲ್ಲಿ ಒಂದು ಬಗೆಯ ಪ್ಲಾಸ್ಟಿಕ್ ಇದೆ. ನೀರು ಆರಿದ ಕೂಡಲೇ ಅದು ಗಟ್ಟಿ ಪದರ ಆಗುತ್ತೆ. ಆಮೇಲೆ ಎಷ್ಟು ನೀರು ಹಾಕಿದರೂ ಕರಗದು. ಒಣಗಿದರೆ ಮುಗೀತು!

ಹಾಗಾದರೆ ಏನು ಮಾಡಬೇಕು?

ಬೇಕಾದಷ್ಟೇ ಬಣ್ಣ ತಟ್ಟೆಗೆ ತೆಗೆಯಿರಿ. ಕೂಡಲೇ ಮುಚ್ಚಳ ಹಾಕಿ. ಹಾಕುವ ಮೊದಲು ಬಾಟ್ಲಿಯ ಬಾಯಿ ಒರೆಸಿ. ಬಾಯಲ್ಲಿ ಬಣ್ಣ ಒಣಗಿದ್ದರೆ ಮುಚ್ಚಳ ಸರಿಯಾಗಿ ಕೂರದು, ಗಾಳಿ ಒಳಗೆ ಹೋಗುತ್ತೆ.

ತಟ್ಟೆಯಲ್ಲಿ ಉಳಿದದ್ದನ್ನು ಬಾಟ್ಲಿಗೆ ವಾಪಸು ಸುರಿಯಬೇಡಿ. ಇಡೀ ಬಾಟ್ಲಿ ಕೆಡಬಹುದು. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಬಟ್ಟೆಯ ಜೊತೆ ಇಟ್ಟರೆ ಮರುದಿನಕ್ಕೆ ಆಗುತ್ತೆ.

ಬಾಟ್ಲಿಯನ್ನು ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೂ ಬೇಡ. ನೆರಳಿನ ತಣ್ಣನೆ ಜಾಗ ಒಳ್ಳೆಯದು. ಬೂಸು ಬಂದರೆ, ಕೊಳೆತ ವಾಸನೆ ಬಂದರೆ ಆ ಬಣ್ಣ ಬಳಸಬೇಡಿ.

ಕೆಲಸ ಮುಗಿದ ಕೂಡಲೇ ಬ್ರಷ್ ತೊಳೆಯಿರಿ. ನಾಳೆ ತೊಳೆದರಾಯ್ತು ಅನ್ನಬೇಡಿ. ನಾಳೆಗೆ ಅದು ಕಡ್ಡಿಯಾಗಿರುತ್ತೆ. ಮೊದಲು ಹಳೇ ಬಟ್ಟೆಗೆ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ತೊಳೆದ ನೀರನ್ನು ಬಾವಿಯ ಹತ್ತಿರ, ಹಳ್ಳಕ್ಕೆ, ಕೆರೆಗೆ ಚೆಲ್ಲಬೇಡಿ. ಆ ನೀರು ದನಕರುಗಳೂ ಕುಡಿಯುತ್ತವೆ, ಅಲ್ಲವೇ?

ಇನ್ನೊಂದು ಎಚ್ಚರ. ಅಕ್ಕಿ ಹಿಟ್ಟು ಮಗುವಿನ ಬಾಯಿಗೆ ಹೋದರೆ ಹೆದರಿಕೆ ಇಲ್ಲ. ಅಂಗಡಿಯ ಬಣ್ಣ ಹೋಗಬಾರದು. ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಅಡುಗೆ ಪಾತ್ರೆಯಲ್ಲಿ ಬಣ್ಣ ಕಲಸಬೇಡಿ. ಉಣ್ಣುವ ಪಾತ್ರೆಯ ಒಳಗೆ ಬಳಿಯಬೇಡಿ.

ಈಗ ನಿಮಗೆ ಅಕ್ಷರ ಬಂದಿದೆ. ಬಾಟ್ಲಿ ತಂದ ದಿನವೇ ಒಂದು ಚೀಟಿ ಅಂಟಿಸಿ. ಅದರಲ್ಲಿ ಹೀಗೆ ಬರೆಯಿರಿ:

ಬಣ್ಣ: ಕೆಂಪು
ತಂದ ದಿನ: ...............
ಕೊಟ್ಟ ದುಡ್ಡು: ...............
ಮುಗಿದ ದಿನ: ...............

ಒಂದು ಬಾಟ್ಲಿ ಎಷ್ಟು ದಿನ ಬಂತು, ಎಷ್ಟು ಚಿತ್ತಾರಕ್ಕೆ ಆಯಿತು ಎಂಬ ಲೆಕ್ಕ ಇದರಿಂದ ಸಿಗುತ್ತೆ. ಚಿತ್ತಾರ ಮಾರುವಾಗ ಯಾರೂ ನಿಮಗೆ ಬೆಲೆಯಲ್ಲಿ ಮೋಸ ಮಾಡಲಾರರು.

ಓದಿ, ಉತ್ತರ ಹೇಳಿ
1. ಒಣಗಿದ ಮೇಲೂ ಮತ್ತೆ ಕಲಸಬಹುದಾದ ಬಣ್ಣ ಯಾವುದು?
2. ಬಾಟ್ಲಿಯ ಬಾಯಿ ಏಕೆ ಒರೆಸಬೇಕು?
3. ಬ್ರಷ್ ತೊಳೆದ ನೀರನ್ನು ಎಲ್ಲೆಲ್ಲಿ ಚೆಲ್ಲಬಾರದು?