ಪೋರ್ಚುಗೀಸರೂ ನಮ್ಮ ಕರಾವಳಿಯೂ

ಎರಡು ಜನಾಂಗಗಳ ಸಂಬಂಧವನ್ನು ಅವು ಹೂಡಿದ ಯುದ್ಧಗಳಿಂದ ಮಾತ್ರ ಅಳೆಯಲಾಗದು. ಯುದ್ಧವಿಲ್ಲದ ದಿನಗಳಲ್ಲಿ ಅವು ಹೇಗೆ ವ್ಯವಹರಿಸಿದವು ಎಂಬುದನ್ನೂ ನೋಡಬೇಕು. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಇತಿಹಾಸವು ಈ ಮಾತಿಗೆ ನಿದರ್ಶನವಾಗಿದೆ. ಇಲ್ಲಿಯವರಿಗೂ ಪೋರ್ಚುಗೀಸರಿಗೂ ನಡುವೆ ಹಗೆ ಮತ್ತು ವ್ಯಾಪಾರಗಳೆರಡೂ ಬಹುಕಾಲ ಜೊತೆಜೊತೆಯಾಗಿ ನಡೆದವು.

ವಿಜಯನಗರದ ಕಾಲದಲ್ಲಿ ಭಟ್ಕಳವು ಹೆಸರಾಂತ ಬಂದರಾಗಿತ್ತು. ಸಮುದ್ರದಾಚೆಯಿಂದ ಬಂದ ಕುದುರೆಗಳು ಇಲ್ಲಿ ಇಳಿದು ಘಟ್ಟವನ್ನೇರಿ ರಾಜಧಾನಿಗೆ ಹೋಗುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣ, ಕಾಳುಮೆಣಸುಗಳು ಇಲ್ಲಿಂದ ಹಡಗೇರುತ್ತಿದ್ದವು. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯನ್ನು ತಲುಪಿದ ಮೇಲೆ, ಪೋರ್ಚುಗೀಸರು ಈ ಕಡಲವ್ಯಾಪಾರವನ್ನು ತಮ್ಮ ವಶಮಾಡಿಕೊಳ್ಳಲು ಹವಣಿಸಿದರು. ತಮ್ಮ ರಹದಾರಿಯಿಲ್ಲದೆ ಸಂಚರಿಸುವ ಹಡಗುಗಳನ್ನು ಹಿಡಿಯುವುದು ಅವರ ನೀತಿಯಾಯಿತು.

1502ರಲ್ಲಿ ಗಾಮನ ನೌಕಾಪಡೆಯು ಹೊನ್ನಾವರ ಮತ್ತು ಭಟ್ಕಳಗಳ ಮೇಲೆ ಎರಗಿತು. ಭಟ್ಕಳದ ಅರಸನು ವರ್ಷಂಪ್ರತಿ ಅಕ್ಕಿಯನ್ನು ಕಪ್ಪವಾಗಿ ಕೊಡಲು ಒಪ್ಪಬೇಕಾಯಿತು. 1505ರಲ್ಲಿ ವೈಸರಾಯ್ ಅಲ್ಮೇಡನು ಹೊನ್ನಾವರದ ಹಡಗುಗಳಿಗೆ ಬೆಂಕಿಯಿಟ್ಟನು. 1542ರಲ್ಲಿ ಭಟ್ಕಳದ ರಾಣಿಯು ಕಪ್ಪವನ್ನು ಕೊಡಲಿಲ್ಲವೆಂದು ಗವರ್ನರ್ ಮಾರ್ಟಿಂ ಅಫೋನ್ಸೊ ಡ ಸೋಜನು ಆ ಪಟ್ಟಣವನ್ನು ಸೂರೆಮಾಡಿ ಸುಟ್ಟನು. ಅರಸರ ಕಲಹದಲ್ಲಿ ಮನೆಮಠಗಳನ್ನು ಕಳೆದುಕೊಂಡವರು ಸಾಮಾನ್ಯ ಪ್ರಜೆಗಳು.

ಆದರೆ ಎಲ್ಲರೂ ಎಂದೆಂದಿಗೂ ವೈರಿಗಳಾಗಿಯೇ ಉಳಿದರೆಂದು ಭಾವಿಸಬಾರದು. ಹೊನ್ನಾವರದ ತಿಮ್ಮೋಜನು ಮೊದಲು ಪೋರ್ಚುಗೀಸರ ಏಟಿಗೆ ಗುರಿಯಾದವನು. ಅನಂತರ ಅವರೊಡನೆ ಸಂಧಿ ಮಾಡಿಕೊಂಡನು. 1510ರಲ್ಲಿ ಗೋವೆಯನ್ನು ಹಿಡಿಯುವಂತೆ ಅಲ್ಬುಕರ್ಕನಿಗೆ ಸಲಹೆಯಿತ್ತು ನೆರವಾದವನೂ ಅವನೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆದರು. ಅವರು 1569ರಲ್ಲಿ ಹೊನ್ನಾವರದಲ್ಲಿ ನೆಲೆಯೂರಿ ಕೋಟೆಯನ್ನು ಕಟ್ಟಿಕೊಂಡರು. ಆದರೆ ಮೆಣಸು ಬೆಳೆಯುತ್ತಿದ್ದುದು ಒಳನಾಡಿನಲ್ಲಿ. ಕೋಟೆಯ ತೋಪುಗಳಿಂದ ಅದನ್ನು ಬೆಳೆಯಲಾಗದು. ಗೋವೆಯ ಜನರ ಊಟಕ್ಕೂ ಕನ್ನಡ ಕರಾವಳಿಯ ಅಕ್ಕಿಯೇ ಬೇಕಾಗಿತ್ತು. ಆದುದರಿಂದ ಪ್ರತಿಯೊಂದು ಕದನದ ಬಳಿಕವೂ ಮಾತುಕತೆಗೆ ಕುಳಿತುಕೊಳ್ಳುವುದು ಅನಿವಾರ್ಯವಾಯಿತು.

1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಬ್ಬನು ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟನು. ನಾಯಕನ ರಾಯಭಾರಿ ವಿಠಲ ಶೆಣೈ ಅವನ ಜೊತೆಗಿದ್ದನು. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲ ವಲ್ಲೆ ಅವರೊಡನೆ ಪಯಣಿಸಿ, ಕಂಡುದನ್ನು ಬರೆದಿಟ್ಟನು. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಅವರು ಗೇರುಸೊಪ್ಪೆಯನ್ನು ಮುಟ್ಟಿದರು. ವೆಂಕಟಪ್ಪ ನಾಯಕನು ಗೆದ್ದುಕೊಂಡಿದ್ದ ಆ ನಗರವು ಆ ವೇಳೆಗೆ ಹಾಳುಬಿದ್ದು ಗಿಡಮರಗಳಿಂದ ತುಂಬಿತ್ತು. ಊರುಗಳನ್ನು ಹಾಳುಗೆಡವಿದವರು ಹೊರಗಿನವರು ಮಾತ್ರವೇ ಅಲ್ಲವೆಂಬುದಕ್ಕೆ ಇದು ಸಾಕ್ಷಿ. ಘಟ್ಟದ ಮೇಲಿನ ಗುಡಿಯೊಂದರಲ್ಲಿ ನಾಲ್ವರು ಬಾಲಕರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಪಾಠ ಒಪ್ಪಿಸುತ್ತಿದ್ದರು. ಗುರುವಿಲ್ಲದಿರುವಾಗ ತಪ್ಪಿದರೆ ತಿದ್ದುವವರಾರು ಎಂದು ಆತನು ಕೇಳಿದನು. ನಾಲ್ವರೂ ಒಂದೇ ಕಡೆಯಲ್ಲಿ ಮರೆಯಲಾರೆವು ಎಂದು ಅವರು ಉತ್ತರವಿತ್ತರು. ಆ ವಿದೇಶೀಯನು ಅವರ ಕಲಿಕೆಯ ಕ್ರಮವನ್ನು ಮೆಚ್ಚಿಕೊಂಡನು.

1654ರ ವೇಳೆಗೆ ಶಿವಪ್ಪ ನಾಯಕನು ಹೊನ್ನಾವರದ ಕೋಟೆಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡನು. ಆದರೂ ವ್ಯಾಪಾರವು ನಿಲ್ಲಲಿಲ್ಲ. 1671ರ ಒಪ್ಪಂದದಿಂದ ಅವರ ವ್ಯಾಪಾರದ ಕೋಠಿಗಳಿಗೆ ಅನುಮತಿ ದೊರೆಯಿತು. 1678ರ ಒಪ್ಪಂದವು ಕುಮಟಾದ ಸಮೀಪದ ಮಿರ್ಜಾನ್, ಚಂದಾವರ ಮತ್ತು ಭಟ್ಕಳಗಳಲ್ಲಿ ಚರ್ಚುಗಳನ್ನು ಕಟ್ಟಲು ಅವಕಾಶ ನೀಡಿತು. ಇತ್ತ ಗೋವೆಯಲ್ಲಿ ಪೋರ್ಚುಗೀಸರ ಧಾರ್ಮಿಕ ಕಟ್ಟುಪಾಡುಗಳನ್ನು ಸಹಿಸಲಾರದೆ ಹೊರಟುಬಂದ ಕೊಂಕಣಿ ಭಾಷಿಕರು ಈ ಕರಾವಳಿಯಲ್ಲಿ ನೆಲೆಸಿದರು. ಹಿಂದೂಗಳೂ ಕ್ರೈಸ್ತರೂ ಅವರಲ್ಲಿದ್ದರು.

ಪೋರ್ಚುಗೀಸರ ಆಡಳಿತವು ಗೋವೆಯಲ್ಲಿ 1961ರ ಡಿಸೆಂಬರಿನಲ್ಲಿ ಕೊನೆಗೊಂಡಿತು. 1974ರಲ್ಲಿ ಪೋರ್ಚುಗಲ್ ಇದನ್ನು ಒಪ್ಪಿಕೊಂಡು ಭಾರತದೊಡನೆ ಮತ್ತೆ ರಾಜತಾಂತ್ರಿಕ ಸಂಬಂಧವನ್ನು ಬೆಳೆಸಿತು. ತೋಪಿನ ಬಲದಿಂದ ಪಡೆದುದು ಹೀಗೆ ಕೈಬಿಟ್ಟುಹೋಯಿತು. ಅವರ ಮೂಲಕ ಬಂದ ಗೇರು, ಅನಾನಸುಗಳಾದರೋ ನಮ್ಮ ಮಣ್ಣಿನಲ್ಲಿ ಬೇರೂರಿವೆ. ಮೇಜು, ಚಾವಿ, ಸಾಬೂನು, ಇಸ್ತ್ರಿ, ಬಟಾಟೆ ಎಂಬ ಅವರ ಮಾತುಗಳು ನಮ್ಮ ನಾಲಗೆಯಲ್ಲಿ ಉಳಿದಿವೆ. ಭಟ್ಕಳವು ಉರಿದ ದಿನವನ್ನು ಮರೆಯುವುದು ಸತ್ಯಕ್ಕೆ ಅಪಚಾರ. ಅದೊಂದನ್ನೇ ನೆನೆಯುತ್ತ ಹಗೆಯನ್ನು ಬೆಳೆಸುವುದು ಮುಂದಿನವರಿಗೆ ಅಪಚಾರ. ನೋವನ್ನೂ ಕೊಡುಕೊಳೆಯನ್ನೂ ಇದ್ದುದು ಇದ್ದಂತೆ ಅರಿಯುವುದೇ ಇತಿಹಾಸದ ಅಭ್ಯಾಸದಿಂದ ನಾವು ಪಡೆಯಬೇಕಾದ ವಿವೇಕ.