ಟ್ಯಾಬ್‌ಗೆ ಕೀಬೋರ್ಡ್ ಸೇರಿಸಿದರೆ ಲ್ಯಾಪ್‌ಟಾಪ್ ಆಗುತ್ತದೆಯೇ?

ಪಿಯುಸಿಯಲ್ಲಿ ಗಣಕ ವಿಜ್ಞಾನ ತೆಗೆದುಕೊಂಡವರ ಮನೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಹಾಗಾದರೆ ಲ್ಯಾಪ್‌ಟಾಪ್ ಬೇಕಾ?" ನಮ್ಮ ಮನೆಯಲ್ಲೂ ಬಂತು. ಅಬ್ಬಾ ಪೀಣ್ಯದಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಾರೆ. "ಚೀಟಿ ಎತ್ತಿದರೆ 35 ಸಾವಿರ ಬರುತ್ತದೆ, ತೆಗೆದುಕೊಡುತ್ತೇನೆ" ಅಂದರು. ಆ ಚೀಟಿ ಅಕ್ಕನ ಮದುವೆಗೆಂದು ಹಾಕಿದ್ದು ಎಂದು ನನಗೆ ಗೊತ್ತಿತ್ತು. ಕೊರೋನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗಾಗಿ ತಂದಿದ್ದ ಹತ್ತು ಅಂಗುಲದ ಆಂಡ್ರಾಯ್ಡ್ ಟ್ಯಾಬ್ ಬೀರುವಿನಲ್ಲಿತ್ತು. "ಸ್ವಲ್ಪ ತಾಳಿ, ಮೊದಲು ಇದಕ್ಕೆ ಕೀಬೋರ್ಡ್ ಹಾಕಿ ನೋಡುತ್ತೇನೆ" ಎಂದೆ. ಅದು ನಡೆದು ಒಂದೂವರೆ ವರ್ಷವಾಯಿತು. ಈ ಸಮಯದಲ್ಲಿ ನಾನು ಕಲಿತದ್ದನ್ನು, ಸೋತದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಪ್ರಥಮ ಪಿಯುಸಿಯವರಿಗೆ ಉಪಯೋಗವಾಗಬಹುದು. ನಮ್ಮ ಕಡೆ ಇಂಥ ಟ್ಯಾಬ್ ಇರುವ ಮನೆಗಳು ಕಡಿಮೆಯೇನಲ್ಲ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಶುರು ಮಾಡಿತ್ತು. ಅಣ್ಣನದೋ ಅಕ್ಕನದೋ ಒಂದು ನಿಮ್ಮ ಮನೆಯಲ್ಲೂ ಮೂಲೆ ಸೇರಿರಬಹುದು, ಹುಡುಕಿ ನೋಡಿ.

ಮೊದಲು ಕೀಬೋರ್ಡ್ ಕೊಳ್ಳುವ ವಿಷಯ. ಹೆಗ್ಗನಹಳ್ಳಿ ಕ್ರಾಸ್‌ನ ಮೊಬೈಲ್ ಅಂಗಡಿಗಳಲ್ಲಿ ಸಿಕ್ಕಿದ್ದು ಬರೀ ಕವರ್. ಕೊನೆಗೆ ಅಣ್ಣನ ಜೊತೆ ಮಾರ್ಕೆಟ್ ಬಸ್ಸು ಹತ್ತಿ ಎಸ್.ಪಿ. ರೋಡಿಗೆ ಹೋದೆ. ಅಲ್ಲಿ ಎರಡು ಬಗೆಯವು ಇದ್ದವು. ಒಂದು, ಟ್ಯಾಬ್‌ನ ಅಂಚಿನಲ್ಲಿರುವ ಸಣ್ಣ ಲೋಹದ ಚುಕ್ಕೆಗಳಿಗೆ ಅಂಟಿಕೊಳ್ಳುವಂಥದ್ದು. ಟ್ಯಾಬ್‌ನಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ, ಬೇರೆ ಚಾರ್ಜ್ ಬೇಡ, ಆದರೆ ಆ ಮಾಡೆಲ್‌ಗೆ ಮಾತ್ರ ಹೊಂದುತ್ತದೆ. ಇನ್ನೊಂದು ಬ್ಲೂಟೂತ್. ಇದು ಯಾವ ಟ್ಯಾಬ್‌ಗೂ ಆಗುತ್ತದೆ, ಆದರೆ ಇದಕ್ಕೇ ಬೇರೆ ಬ್ಯಾಟರಿ, ಬೇರೆ ಚಾರ್ಜ್. ನನ್ನ ಟ್ಯಾಬ್‌ನಲ್ಲಿ ಚುಕ್ಕೆಗಳೇ ಇರಲಿಲ್ಲ, ಹಾಗಾಗಿ ಆಯ್ಕೆಯ ಪ್ರಶ್ನೆಯೇ ಬರಲಿಲ್ಲ. 1,300 ರೂಪಾಯಿ ಕೊಟ್ಟೆವು. ಅಂಗಡಿಯಲ್ಲೇ ಜೋಡಿಸಿ ಎಲ್ಲ ಕೀಗಳನ್ನೂ ಒಂದೊಂದಾಗಿ ಒತ್ತಿ ನೋಡಿ. ನಾನು ನೋಡಲಿಲ್ಲ. ಮನೆಗೆ ಬಂದ ಮೇಲೆ ಬ್ರಾಕೆಟ್ ಕೀ ಎರಡು ಸಲ ಒತ್ತಿದರೆ ಒಂದು ಸಲ ಬರುತ್ತಿತ್ತು. ಪೈಥಾನ್ ಬರೆಯುವವರಿಗೆ ಬ್ರಾಕೆಟ್ ಇಲ್ಲದೆ ಬದುಕಿಲ್ಲ. ಮತ್ತೆ ಬಸ್ಸು, ಮತ್ತೆ ಎಸ್.ಪಿ. ರೋಡು.

ಕೀಗಳ ಅಳತೆಯನ್ನೂ ಗಮನಿಸಿ. ಲ್ಯಾಬ್‌ನ ಕೀಬೋರ್ಡ್‌ನಲ್ಲಿ ಒಂದು ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ ಸುಮಾರು 19 ಮಿಲಿಮೀಟರ್ ಇರುತ್ತದೆ. ಟ್ಯಾಬ್ ಕೇಸ್‌ಗಳಲ್ಲಿ ಇನ್ನೂ ಇಕ್ಕಟ್ಟು. ಮೊದಲ ವಾರ ನನ್ನ ಬೆರಳುಗಳೆಲ್ಲ ಪಕ್ಕದ ಮನೆಗೆ ಹೋಗುತ್ತಿದ್ದವು. ಆಮೇಲೆ ಅಭ್ಯಾಸವಾಯಿತು, ಆದರೆ ಈಗ ಲ್ಯಾಬ್‌ನಲ್ಲಿ ಕೂತಾಗ ಮೊದಲ ಐದು ನಿಮಿಷ ತಪ್ಪು ಜಾಸ್ತಿ.

ಕೀಬೋರ್ಡ್ ಜೋಡಿಸಿದ ದಿನವೇ ಬಂದ ತೊಂದರೆಯೊಂದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದರ ಹಿಂದೆ ನನ್ನ ಎರಡು ಸಂಜೆ ಹೋಯಿತು. ಪ್ರಿಂಟ್ ಬರೆದು ಡಬಲ್ ಕೋಟ್ ಒತ್ತಿದರೆ ಇಮೇಲ್‌ನಲ್ಲಿ ಬರುವ ಅಟ್ ಚಿಹ್ನೆ ಬರುತ್ತಿತ್ತು. ಕಾಮೆಂಟ್‌ಗೆ ಹ್ಯಾಶ್ ಒತ್ತಿದರೆ ಬ್ರಿಟಿಷ್ ಪೌಂಡ್ ಚಿಹ್ನೆ. ಕೀಬೋರ್ಡ್ ಕೆಟ್ಟಿದೆ ಎಂದೇ ನಂಬಿದ್ದೆ. ಕೆಟ್ಟಿರಲಿಲ್ಲ. ಕೀಬೋರ್ಡ್‌ನ ಮೇಲೆ ಅಚ್ಚಾಗಿದ್ದುದು ಅಮೆರಿಕನ್ ವಿನ್ಯಾಸ, ಟ್ಯಾಬ್ ಅದನ್ನು ಬ್ರಿಟಿಷ್ ವಿನ್ಯಾಸ ಎಂದುಕೊಂಡಿತ್ತು. ಕೀಬೋರ್ಡ್ ಯಾವ ಅಕ್ಷರವನ್ನೂ ಕಳಿಸುವುದಿಲ್ಲ, "ಇಂತಿಷ್ಟನೇ ಕೀ ಒತ್ತಲಾಯಿತು" ಎಂದು ಸಂಖ್ಯೆ ಮಾತ್ರ ಕಳಿಸುತ್ತದೆ. ಅದಕ್ಕೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಸಾಧನದೊಳಗಿನ ಸಾಫ್ಟ್‌ವೇರ್. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಮತ್ತು ಇನ್‌ಪುಟ್ ಎಂಬಲ್ಲಿ ಫಿಸಿಕಲ್ ಕೀಬೋರ್ಡ್ ತೆರೆದು ಇಂಗ್ಲಿಷ್ ಯುಎಸ್ ಆರಿಸಿದೆ, ಎಲ್ಲ ಸರಿಹೋಯಿತು.

ಇದಕ್ಕೆ ಹತ್ತಿರದ ಇನ್ನೊಂದು ಬಲೆ: ಗೂಗಲ್ ಡಾಕ್ಸ್‌ನಲ್ಲಿ ನೋಟ್ಸ್ ಬರೆದು ಅಲ್ಲಿಂದ ಪ್ರೋಗ್ರಾಂ ಕಾಪಿ ಮಾಡಿದರೆ ಪೈಥಾನ್ ಒಪ್ಪುವುದಿಲ್ಲ. ಡಾಕ್ಸ್ ನಾವು ಹಾಕಿದ ನೇರ ಕೋಟ್‌ಗಳನ್ನು ಅಂದವಾಗಿರಲಿ ಎಂದು ಬಾಗಿದ ಕೋಟ್‌ಗಳಾಗಿ ಬದಲಿಸುತ್ತದೆ. ಕಣ್ಣಿಗೆ ಒಂದೇ, ಪೈಥಾನ್‌ಗೆ ಬೇರೆ ಬೇರೆ ಅಕ್ಷರ.

ಪೈಥಾನ್‌ಗೆ ನಾನು ಬಳಸುವುದು ಪೈಡ್ರಾಯ್ಡ್ 3 ಎಂಬ ಆ್ಯಪ್. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಉಚಿತ ಆವೃತ್ತಿಯಲ್ಲಿ ಜಾಹೀರಾತು ಬರುತ್ತದೆ, ಸಹಿಸಿಕೊಳ್ಳಬೇಕು. ದ್ವಿತೀಯ ಪಿಯುಸಿಯ ಎಕ್ಸೆಪ್ಷನ್ ಹ್ಯಾಂಡ್ಲಿಂಗ್, ಸ್ಟ್ಯಾಕ್, ಕ್ಯೂ, ಸಾರ್ಟಿಂಗ್, ಸರ್ಚಿಂಗ್ ಪ್ರೋಗ್ರಾಂಗಳನ್ನೆಲ್ಲ ಇದರಲ್ಲೇ ಮಾಡಿದೆ, ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಬಂದ ಉತ್ತರವೇ ಬಂತು. ಫೈಲ್ ಹ್ಯಾಂಡ್ಲಿಂಗ್‌ನಲ್ಲಿ ಮಾತ್ರ ತಡವರಿಸಿದೆ. ಪ್ರೋಗ್ರಾಂ ತಪ್ಪಿಲ್ಲದೆ ಓಡಿತು, ಬರೆದ ಫೈಲ್ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. ಆಂಡ್ರಾಯ್ಡ್‌ನಲ್ಲಿ ಒಂದು ಆ್ಯಪ್ ಎಲ್ಲೆಂದರಲ್ಲಿ ಫೈಲ್ ಇಡುವಂತಿಲ್ಲ, 2020ರ ಆಂಡ್ರಾಯ್ಡ್ 11ರಿಂದ ಈ ಕಟ್ಟುಪಾಡು ಇನ್ನೂ ಬಿಗಿಯಾಗಿದೆ. ಓಎಸ್ ಮಾಡ್ಯೂಲ್ ತಂದುಕೊಂಡು ಗೆಟ್-ಸಿಡಬ್ಲ್ಯೂಡಿ ಫಂಕ್ಷನ್ ಕರೆದರೆ ಪ್ರೋಗ್ರಾಂ ಈಗ ಯಾವ ಫೋಲ್ಡರ್‌ನಲ್ಲಿ ನಿಂತಿದೆ ಎಂದು ತೋರಿಸುತ್ತದೆ. ಫೈಲ್ ಅಲ್ಲಿರುತ್ತದೆ.

ಎಸ್‌ಕ್ಯೂಎಲ್ ಸ್ವಲ್ಪ ದೊಡ್ಡ ಕಥೆ. ಪಠ್ಯದಲ್ಲಿರುವುದು ಮೈಎಸ್‌ಕ್ಯೂಎಲ್. ಟ್ಯಾಬ್‌ನಲ್ಲಿ ಅದನ್ನು ಹಾಕಿಕೊಳ್ಳುವುದು ಸುಲಭವಲ್ಲ. ಆದರೆ ಪೈಥಾನ್‌ನ ಜೊತೆಗೇ ಎಸ್‌ಕ್ಯೂಲೈಟ್ ಬರುತ್ತದೆ. ಎಸ್‌ಕ್ಯೂಲೈಟ್3 ಎಂಬ ಮಾಡ್ಯೂಲ್ ತಂದುಕೊಂಡರೆ ಸಾಕು, ಕ್ರಿಯೇಟ್ ಟೇಬಲ್, ಇನ್ಸರ್ಟ್, ಸೆಲೆಕ್ಟ್, ಗ್ರೂಪ್ ಬೈ ಎಲ್ಲವನ್ನೂ ಅಭ್ಯಾಸ ಮಾಡಬಹುದು. ನಾನು ಹೆಗ್ಗನಹಳ್ಳಿಯ ನಮ್ಮ ಬೀದಿಯ ಕಿರಾಣಿ ಅಂಗಡಿಯ ಸಾಲದ ಲೆಕ್ಕವನ್ನೇ ಟೇಬಲ್ ಮಾಡಿ ಕಲಿತೆ (ಹೆಸರುಗಳನ್ನು ಬದಲಿಸಿದ್ದೇನೆ, ಅಂಗಡಿ ಚಾಚಾ ಚಿಂತಿಸಬೇಕಾಗಿಲ್ಲ). ಇಪ್ಪತ್ತು ಸಾಲು ಸೇರಿಸಿ, ಮುಚ್ಚಿ, ಮರುದಿನ ತೆಗೆದರೆ ಟೇಬಲ್ ಖಾಲಿ. ಕಾರಣ, ಪೈಥಾನ್‌ನಿಂದ ಸೇರಿಸಿದ ಸಾಲುಗಳು ಕಮಿಟ್ ಎಂದು ಹೇಳುವವರೆಗೆ ಪಕ್ಕಾ ಆಗುವುದಿಲ್ಲ. ಮೈಎಸ್‌ಕ್ಯೂಎಲ್‌ನ ಕಪ್ಪು ಪರದೆಯಲ್ಲಿ ಸಾಮಾನ್ಯವಾಗಿ ಪ್ರತಿ ಆಜ್ಞೆಯೂ ತಾನಾಗಿಯೇ ಪಕ್ಕಾ ಆಗುವುದರಿಂದ ಲ್ಯಾಬ್‌ನಲ್ಲಿ ಇದು ನಮಗೆ ಗೊತ್ತಾಗುವುದೇ ಇಲ್ಲ.

ಇನ್ನೂ ಮೂರು ವ್ಯತ್ಯಾಸಗಳನ್ನು ನೆನಪಿಡಿ. ಡಿಸ್ಕ್ರೈಬ್ ಆಜ್ಞೆ ಎಸ್‌ಕ್ಯೂಲೈಟ್‌ಗೆ ತಿಳಿಯದು, ಅಲ್ಲಿ ಪ್ರಾಗ್ಮಾ ಟೇಬಲ್ ಇನ್ಫೊ ಎನ್ನಬೇಕು. ಇವತ್ತಿನ ದಿನಾಂಕ ಕೇಳುವ ಕರ್‌ಡೇಟ್ ಕೂಡ ಇಲ್ಲ. ಮೂರನೆಯದು ಹೆಚ್ಚು ಅಪಾಯದ್ದು: ಎಸ್‌ಕ್ಯೂಲೈಟ್ ತುಂಬಾ ಸಡಿಲ. ಹತ್ತು ಅಕ್ಷರದ ವಾರ್‌ಚಾರ್ ಎಂದು ಹೇಳಿ ಮೂವತ್ತು ಅಕ್ಷರ ಹಾಕಿದರೂ ಸುಮ್ಮನಿರುತ್ತದೆ, ಸಂಖ್ಯೆಯ ಕಾಲಂನಲ್ಲಿ ಹೆಸರು ಬರೆದರೂ ನುಂಗುತ್ತದೆ. ಟ್ಯಾಬ್‌ನಲ್ಲಿ ನಡೆದದ್ದು ಲ್ಯಾಬ್‌ನಲ್ಲಿ ಎರರ್ ಕೊಡಬಹುದು. ಪ್ರಾಯೋಗಿಕ ಪರೀಕ್ಷೆಯ 30 ಅಂಕ ಇರುವುದು ಲ್ಯಾಬ್‌ನಲ್ಲಿ. ಹಾಗಾಗಿ ಮನೆಯಲ್ಲಿ ಟ್ಯಾಬ್, ಆದರೆ ಪ್ರತಿ ಪ್ರೋಗ್ರಾಂ ಅನ್ನೂ ಒಮ್ಮೆಯಾದರೂ ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಮಾಡಿಯೇ ತೀರಬೇಕು ಎಂದು ನಾನು ನಿಯಮ ಮಾಡಿಕೊಂಡಿದ್ದೇನೆ.

ಈಗ ಕನ್ನಡಕ್ಕೆ ಬರೋಣ. ಟ್ಯಾಬ್ ನನಗೆ ಹೆಚ್ಚು ನಿರಾಸೆ ಮಾಡಿದ್ದು ಇಲ್ಲೇ. ಪರದೆಯ ಮೇಲಿನ ಕೀಬೋರ್ಡ್‌ನಲ್ಲಿ ಕನ್ನಡ ಚೆನ್ನಾಗಿ ಬರುತ್ತದೆ. ಹೊರಗಿನ ಕೀಬೋರ್ಡ್ ಒತ್ತಿದ ಕೂಡಲೇ ನನ್ನ ಟ್ಯಾಬ್‌ನಲ್ಲಿ ಬರೀ ಇಂಗ್ಲಿಷ್. ಕನ್ನಡದಲ್ಲಿ ಕೀಲಿಮಣೆ ಎಂದರೆ ಮೊದಲು ನೆನಪಾಗಬೇಕಾದವರು ಕೆ.ಪಿ. ರಾವ್. ಅವರ ವಿನ್ಯಾಸವನ್ನೇ ಆಧರಿಸಿ ಕನ್ನಡ ಗಣಕ ಪರಿಷತ್ತು 'ನುಡಿ' ತಂತ್ರಾಂಶ ತಯಾರಿಸಿತು. ಅದು ಎಷ್ಟು ಸರಳವಾಗಿದೆ ಎಂದರೆ, ಸಾಧಾರಣ ಇಂಗ್ಲಿಷ್ ಕೀಬೋರ್ಡ್‌ನ 26 ಅಕ್ಷರದ ಕೀಗಳಲ್ಲೇ ಇಡೀ ಕನ್ನಡ ಬರುತ್ತದೆ. ಒತ್ತಕ್ಷರ ಬೇಕಾದಾಗ ನಡುವೆ ಎಫ್ ಒತ್ತಬೇಕು. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಒತ್ತು. ಲ್ಯಾಬ್‌ನಲ್ಲಿ ಇದನ್ನು ಎರಡು ವಾರದಲ್ಲಿ ಕಲಿತೆ. ಆದರೆ ನುಡಿ ವಿಂಡೋಸ್‌ಗಾಗಿ ಮಾಡಿದ್ದು, ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ನಡೆಯುವುದಿಲ್ಲ.

ನುಡಿಯಲ್ಲಿ ಟೈಪ್ ಮಾಡಿದ ಹಳೆಯ ನೋಟ್ಸ್ ಫೈಲ್ ಟ್ಯಾಬ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲ್ ಹಾಳಾಗಿದೆ ಎಂದು ಅಳಿಸಿಬಿಡಬೇಡಿ. ಹಳೆಯ ಪದ್ಧತಿಯಲ್ಲಿ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರದೇ 128 ಸ್ಥಾನಗಳ ಮನೆ ಇದೆ. ಅಂಥ ಫೈಲ್ ಸಿಕ್ಕರೆ ಕೊಟ್ಟವರನ್ನೇ ಪಿಡಿಎಫ್ ಕೇಳಿ, ಇಲ್ಲವೇ ಲ್ಯಾಬ್‌ನಲ್ಲಿ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಉರ್ದು ಓದುವವರಿಗೂ ಇದೇ ಪಾಡು: ಇನ್‌ಪೇಜ್‌ನಲ್ಲಿ ಮಾಡಿದ ಫೈಲ್ ಟ್ಯಾಬ್‌ನಲ್ಲಿ ತೆರೆಯುವುದಿಲ್ಲ. ಮನೆಯಲ್ಲಿ ಆಡುವ ಭಾಷೆ, ಊರಿನ ಭಾಷೆ ಎರಡೂ ವಿಂಡೋಸ್‌ನ ಬಾಗಿಲಲ್ಲೇ ನಿಂತಿವೆ.

ಸದ್ಯಕ್ಕೆ ನಾನು ಕನ್ನಡ ಬರೆಯುವುದು ಹೀಗೆ: ಜಿಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿ, ಆಮೇಲೆ ಕೂತು ತಿದ್ದುತ್ತೇನೆ. ತಿದ್ದುವಾಗ ಬಾಣದ ಕೀಗಳು, ಶಿಫ್ಟ್ ಹಿಡಿದು ಪದ ಆರಿಸುವುದು, ಕಂಟ್ರೋಲ್ ಜೊತೆ ಸಿ, ವಿ, ಜಡ್ ಎಲ್ಲ ಕಂಪ್ಯೂಟರ್‌ನಲ್ಲಿದ್ದಂತೆಯೇ ಕೆಲಸ ಮಾಡುತ್ತವೆ. ಈ ಲೇಖನವನ್ನೂ ಹೀಗೆಯೇ ಬರೆದೆ. ಮನೆಯವರೆಲ್ಲ ಮಲಗಿದ ಮೇಲೆ ಮೈಕ್‌ಗೆ ಪಿಸುಗುಟ್ಟಿದರೆ ಅದಕ್ಕೆ ಕೇಳಿಸುವುದಿಲ್ಲ, ಜೋರಾಗಿ ಹೇಳಿದರೆ ಅಮ್ಮಿಗೆ ಕೇಳಿಸುತ್ತದೆ.

ಹಂಚಿಕೊಳ್ಳುವ ಮಾತು ಬಂದಾಗ ಒಂದು ಹಳೆಯ ಸಂಗತಿ ಹೇಳಲೇಬೇಕು. ನಮ್ಮ ಪೀಣ್ಯದ ಆಚೆ ಜಾಲಹಳ್ಳಿಯ ಬಿಇಎಲ್ 2004ರಲ್ಲಿ ಒಂದು ಕೈಗಣಕವನ್ನು ತಯಾರಿಸಿತ್ತು. ಹೆಸರು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್‌ನವರ ಜೊತೆ ಸೇರಿ ರೂಪಿಸಿದ್ದು. ಲಿನಕ್ಸ್ ಮೇಲೆ ನಡೆಯುತ್ತಿತ್ತು, ಪರದೆಯನ್ನು ಕಡ್ಡಿಯಿಂದ ಮುಟ್ಟಬೇಕಿತ್ತು. ಐಪ್ಯಾಡ್ ಬರಲು ಇನ್ನೂ ಆರು ವರ್ಷವಿತ್ತು! ಒಬ್ಬೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಒಂದೇ ಯಂತ್ರವನ್ನು ಹಲವರು ಬಳಸಬಹುದು ಎಂಬುದು ಅದರ ಹಿಂದಿನ ಯೋಚನೆ. ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಆದರೆ ಆ ಯೋಚನೆ ನಮ್ಮಂಥ ಮನೆಗಳಿಗೇ ಮಾಡಿದಂತಿತ್ತು. ನಮ್ಮ ಟ್ಯಾಬ್ ನನ್ನದೊಂದೇ ಅಲ್ಲ, ಎಂಟನೇ ತರಗತಿಯ ತಂಗಿಯದೂ ಹೌದು. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ 2012ರ 4.2 ಆವೃತ್ತಿಯಿಂದ ಬೇರೆ ಬೇರೆ ಬಳಕೆದಾರರನ್ನು ಸೇರಿಸುವ ಸೌಲಭ್ಯವಿದೆ, ಕೆಲವು ಕಂಪನಿಗಳು ತೆಗೆದುಹಾಕಿರುತ್ತವೆ. ನಮ್ಮದರಲ್ಲಿ ಇದೆ. ಅವಳು ಆಟ ಹಾಕಿಕೊಂಡರೂ ನನ್ನ ಪ್ರೋಗ್ರಾಂಗಳ ಹತ್ತಿರ ಸುಳಿಯಲಾರಳು. ಜಾಗ ಮಾತ್ರ ಇಬ್ಬರಿಗೂ ಸೇರಿ ಒಂದೇ, ಅದು ತುಂಬಿದಾಗ ಜಗಳ.

ಉಳಿದದ್ದು ಚುಟುಕಾಗಿ. ಮೈಕ್ರೋಸಾಫ್ಟ್‌ನ ವರ್ಡ್, ಎಕ್ಸೆಲ್ ಆ್ಯಪ್‌ಗಳಲ್ಲಿ 10.1 ಅಂಗುಲದವರೆಗಿನ ಪರದೆಯಲ್ಲಿ ಉಚಿತವಾಗಿ ತಿದ್ದಬಹುದು, ಅದಕ್ಕಿಂತ ದೊಡ್ಡದಾದರೆ ಚಂದಾ ಕಟ್ಟಬೇಕು. ದೊಡ್ಡ ಟ್ಯಾಬ್ ಕೊಳ್ಳುವ ಮುಂಚೆ ಇದು ತಿಳಿದಿರಲಿ. ಕರೆಂಟ್ ಹೋದಾಗ ಟ್ಯಾಬ್‌ಗೆ ಸಮನಿಲ್ಲ. ಕ್ಯಾಮೆರಾ ಇರುವುದರಿಂದ ಸ್ಕಾಲರ್‌ಶಿಪ್ ಅರ್ಜಿಗೆ ದಾಖಲೆಗಳನ್ನು ಅಲ್ಲೇ ಸ್ಕ್ಯಾನ್ ಮಾಡಿ ಹಾಕಿದೆ. ಹಗುರ ಎನ್ನುವುದು ಮಾತ್ರ ಅರ್ಧ ಸತ್ಯ: ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಕೇಸ್ ಸಮೇತ ತೂಗಿದಾಗ 960 ಗ್ರಾಂ ಬಂತು. ಮತ್ತು ತೊಡೆಯ ಮೇಲೆ ನಿಲ್ಲುವುದಿಲ್ಲ, ಭಾರವೆಲ್ಲ ಪರದೆಯ ಕಡೆ ಇರುವುದರಿಂದ ಹಿಂದಕ್ಕೆ ಬೀಳುತ್ತದೆ. ಚಾಪೆಯ ಮೇಲೆ ಗೋಡೆಗೆ ಒರಗಿ ಓದುವವರು ಮುಂದೆ ಒಂದು ಮಣೆಯನ್ನೋ ಸ್ಟೂಲನ್ನೋ ಇಟ್ಟುಕೊಳ್ಳಬೇಕು. ನಾನು ಅಮ್ಮಿಯ ಚಪಾತಿ ಮಣೆ ಬಳಸಿ ಬೈಸಿಕೊಂಡಿದ್ದೇನೆ.

ಪಿಯುಸಿಗೆ ಸಾಕೇ ಎಂದರೆ, ಲ್ಯಾಬ್ ತಪ್ಪಿಸದವರಿಗೆ ಸಾಕು ಎಂಬುದು ನನ್ನ ಅಭಿಪ್ರಾಯ. ಎಂಜಿನಿಯರಿಂಗ್‌ಗೆ ಸಾಲದು, ಅಲ್ಲಿ ಬೇಕಾಗುವ ಎಷ್ಟೋ ಸಾಫ್ಟ್‌ವೇರ್ ಆಂಡ್ರಾಯ್ಡ್‌ನಲ್ಲಿ ನಡೆಯುವುದೇ ಇಲ್ಲ ಎಂದು ಅಲ್ಲಿ ಓದುವ ಸೀನಿಯರ್‌ಗಳು ಹೇಳಿದ್ದಾರೆ. ಅಬ್ಬಾ ಜೊತೆ ಮಾತಾಗಿದೆ: ಸಿಇಟಿ ಫಲಿತಾಂಶ ಬಂದು ಸೀಟು ಸಿಕ್ಕ ಮೇಲೆ ಲ್ಯಾಪ್‌ಟಾಪ್ ನೋಡೋಣ, ಅದೂ ಸೆಕೆಂಡ್ ಹ್ಯಾಂಡ್. ಚೀಟಿ ಹಾಗೇ ಇದೆ, ಅಕ್ಕನ ನಿಕಾಹ್ ಬರುವ ಶವ್ವಾಲ್ ತಿಂಗಳಲ್ಲಿ.

ಕೀಬೋರ್ಡ್ ಸೆಟ್ಟಿಂಗ್‌ನ ಹಂತಗಳನ್ನೂ, ಎಸ್‌ಕ್ಯೂಲೈಟ್‌ಗೆ ಹೊಂದುವಂತೆ ಬದಲಿಸಿದ ಲ್ಯಾಬ್ ಮ್ಯಾನ್ಯುಯಲ್‌ನ ಪ್ರಶ್ನೆಗಳನ್ನೂ ನಾಲ್ಕು ಹಾಳೆಯಲ್ಲಿ ಬರೆದು ಲೈಬ್ರರಿಯಲ್ಲಿ ಇಟ್ಟಿದ್ದೇನೆ. ಜೆರಾಕ್ಸ್ ಮಾಡಿಕೊಂಡು ಅಲ್ಲೇ ವಾಪಸ್ ಇಡಿ. ಹೊರಗಿನ ಕೀಬೋರ್ಡ್‌ನಿಂದ ಟ್ಯಾಬ್‌ನಲ್ಲಿ ನೇರವಾಗಿ ಕನ್ನಡ ಬರಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಸಿಗಿ, ಊಟದ ಬಿಡುವಿನಲ್ಲಿ ನಾನು ಅಲ್ಲೇ ಇರುತ್ತೇನೆ.