ಊರು ಬಿಟ್ಟು ಓದಲು ಹೋದವರು

ಹಳ್ಳಿಯ ಪ್ರೌಢಶಾಲೆಯಲ್ಲಿ ಉಪಾಧ್ಯಾಯರು ಹುಡುಗನನ್ನು ಮಾತ್ರವಲ್ಲ, ಅವನ ತಂದೆಯನ್ನೂ ಹೆಸರು ಹಿಡಿದು ಬಲ್ಲರು. ಒಂದು ದಿನ ಶಾಲೆ ತಪ್ಪಿಸಿದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ. ಅದೇ ಹುಡುಗ ಹತ್ತನೆಯ ತರಗತಿ ಮುಗಿಸಿ ತುಮಕೂರಿನ ಕಾಲೇಜೊಂದಕ್ಕೆ ಸೇರಿದನೆನ್ನಿ. ಹಾಜರಿಯ ವೇಳೆ ಅವನ ಹೆಸರು ಹೋಗಿ ಒಂದು ಸಂಖ್ಯೆ ಉಳಿಯುತ್ತದೆ. ಸಂಖ್ಯೆ ಕೂಗಿದಾಗ ‘ಯೆಸ್ ಸಾರ್’ ಎಂದರಾಯಿತು. ಏಕೆ ಬರಲಿಲ್ಲವೆಂದು ಅಂದೇ ಕೇಳುವವರಿಲ್ಲ. ಗುಬ್ಬಿಯಿಂದ ರೈಲಿನಲ್ಲಿಯೋ ಕುಣಿಗಲಿನಿಂದ ಬಸ್ಸಿನಲ್ಲಿಯೋ ಬಂದಿಳಿಯುವ ಹೊಸ ವಿದ್ಯಾರ್ಥಿಗೆ ಈ ಸ್ವಾತಂತ್ರ್ಯ ಮೊದಲು ಹಿತವೆನಿಸಿ, ಆಮೇಲೆ ದಿಗಿಲು ಹುಟ್ಟಿಸುತ್ತದೆ.

ಭಾಷೆಯ ತೊಡಕು ಇನ್ನೂ ದೊಡ್ಡದು. ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನವನ್ನು ಆರಿಸಿಕೊಂಡವನಿಗೆ ಪದವಿಪೂರ್ವ ತರಗತಿಯ ಪುಸ್ತಕಗಳು ಇಂಗ್ಲಿಷಿನಲ್ಲಿ ಎದುರಾಗುತ್ತವೆ. ದ್ಯುತಿಸಂಶ್ಲೇಷಣೆಯನ್ನು ಚಿತ್ರಸಹಿತ ವಿವರಿಸಬಲ್ಲವನು ‘ಫೋಟೊಸಿಂಥಸಿಸ್’ ಎಂಬುದನ್ನು ಕೇಳಿ ತಬ್ಬಿಬ್ಬಾಗುತ್ತಾನೆ. ವೇಗೋತ್ಕರ್ಷದ ಲೆಕ್ಕಗಳನ್ನು ನೀರು ಕುಡಿದಂತೆ ಮಾಡಿದವನಿಗೆ ‘ಆಕ್ಸಿಲರೇಷನ್’ ಅಪರಿಚಿತ. ತನಗೆ ವಿಷಯವೇ ತಿಳಿಯದೆಂದು ಅವನು ಬಗೆಯುತ್ತಾನೆ. ವಾಸ್ತವವಾಗಿ ತಿಳಿಯದಿರುವುದು ಹೆಸರು ಮಾತ್ರ. ಟಿಪ್ಪಣಿ ಪುಸ್ತಕದ ಹಾಳೆಯನ್ನು ಉದ್ದಕ್ಕೆ ಮಡಚಿ, ಒಂದು ಕಡೆ ಇಂಗ್ಲಿಷ್ ಪದವನ್ನೂ ಎದುರಿಗೆ ತಾನು ಬಲ್ಲ ಕನ್ನಡ ಪದವನ್ನೂ ಬರೆಯುತ್ತ ಹೋದರೆ ಕೆಲವು ತಿಂಗಳಲ್ಲಿ ಭಯ ಇಳಿಯುತ್ತದೆ. ಆದರೆ ಆ ತಿಂಗಳುಗಳನ್ನು ಕಳೆಯುವುದು ಹೇಗೆ? ಊರಿಗೆ ಮರಳಿಬಿಡೋಣವೆಂಬ ಯೋಚನೆ ಬರುವುದು ಆಗಲೇ. ಅನೇಕರ ಓದು ನಿಲ್ಲುವುದು ಬುದ್ಧಿ ಸಾಲದೆ ಅಲ್ಲ; ರಾತ್ರಿ ಕುಳಿತು ಓದಲು ಒಂದು ದೀಪ, ಹೊತ್ತಿಗೆ ಸರಿಯಾಗಿ ಊಟ, ತನ್ನಂತೆಯೇ ದಿಕ್ಕು ತೋಚದ ನಾಲ್ವರು ಜೊತೆಗಾರರು ದೊರೆಯದೆ.

ಇದನ್ನು ಮನಗಂಡ ಮಹನೀಯರಲ್ಲಿ ತೋಟದಪ್ಪನವರು ಒಬ್ಬರು. 1838ರಲ್ಲಿ ಗುಬ್ಬಿಯಲ್ಲಿ ಜನಿಸಿದ ಇವರು ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಗಳಿಸಿದ ಹಣದಿಂದ ರೈಲು ನಿಲ್ದಾಣದ ಸಮೀಪದಲ್ಲಿ 1903ರಲ್ಲಿ ಛತ್ರವನ್ನು ಕಟ್ಟಿಸಿದರು. ಪ್ರಯಾಣಿಕರಿಗೆ ನೆರಳಾದ ಅವರ ಧರ್ಮಸಂಸ್ಥೆ ಪರಸ್ಥಳದ ವಿದ್ಯಾರ್ಥಿಗಳಿಗೂ ಉಚಿತ ನಿಲಯವನ್ನು ಒದಗಿಸಿತು. ದಾನಿಗಳು ಹಲವರು, ಆದರೆ ವಿದ್ಯಾರ್ಥಿಯೂ ಒಬ್ಬ ದಾರಿಹೋಕನೇ ಎಂದು ಕಂಡುಕೊಂಡವರು ವಿರಳ.

ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ ಎಂಬ ತರುಣ ಈ ನಿಲಯದಲ್ಲಿ ಇದ್ದುಕೊಂಡು ಓದಿದವನು. ತುಮಕೂರು ಸೀಮೆಯ ನಾಗವಲ್ಲಿಯಲ್ಲಿ ಕಲಿತು, 1926ರಲ್ಲಿ ಮೆಟ್ರಿಕ್ಯುಲೇಷನ್ ತೇರ್ಗಡೆಯಾಗಿ, ಮರುವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದನು. 1930ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಸಿದ್ಧಗಂಗಾ ಮಠದ ಉತ್ತರಾಧಿಕಾರಿಯಾಗಿ ಆಯ್ಕೆಗೊಂಡನು. ಅವರೇ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು. ಅವರ ಕಾಲದಲ್ಲಿ ಮಠವು ಜಾತಿಮತಗಳ ಭೇದವೆಣಿಸದೆ ಸಾವಿರಾರು ಬಡಮಕ್ಕಳಿಗೆ ಊಟ, ವಸತಿ, ವಿದ್ಯೆಗಳನ್ನು ನೀಡುತ್ತ ಬಂದಿತು. ಒಂದು ನಿಲಯದಲ್ಲಿ ಉಂಡ ಅನ್ನ ಹೀಗೆ ತುಮಕೂರಿಗೆ ಮರಳಿತು.

ಇಂದು ಸಮಾಜ ಕಲ್ಯಾಣ ಇಲಾಖೆಯೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯೂ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿವೆ. ಹುಡುಗಿಯರಿಗೆ ಪ್ರತ್ಯೇಕ ನಿಲಯಗಳುಂಟು. ಪ್ರಯೋಗಶಾಲೆಯಿಂದ ಹೊರಬರುವ ವೇಳೆಗೆ ಊರಿನ ಕೊನೆಯ ಬಸ್ಸು ಹೊರಟುಹೋಗಿರುವ ಕುಣಿಗಲ್ ಕಡೆಯ ಹುಡುಗಿಗೆ, ಅಲ್ಲಿ ಸಿಗುವ ಒಂದು ಮಂಚವೇ ವಿಜ್ಞಾನವನ್ನು ಓದುವ ಅವಕಾಶ.